ಹೆದ್ದಾರಿ ಅಗಲವಾದರೆ ನಮ್ಮ ಕಿಟಕಿಗೆ ಎಷ್ಟು ಸದ್ದು? ಅಳೆಯುವ, ಲೆಕ್ಕ ಹಾಕುವ ಕ್ರಮ

"ಎರಡು ಲೇನಿನ ರಸ್ತೆ ನಾಲ್ಕು ಲೇನ್ ಆದರೆ ಸದ್ದೂ ಡಬಲ್ ಆಗುತ್ತದೆ, ಅಲ್ವಾ?" ಅಗಲೀಕರಣದ ಸಭೆಗಳಲ್ಲಿ ನನಗೆ ಮೊದಲು ಎದುರಾಗುವ ಪ್ರಶ್ನೆ ಇದೇ. ಲೇನ್ ಸದ್ದು ಮಾಡುವುದಿಲ್ಲ. ಸದ್ದು ಮಾಡುವುದು ಟೈರು, ಎಂಜಿನ್ನು, ಹಾರ್ನು. ರಸ್ತೆ ಅಗಲವಾದಾಗ ಗಾಡಿಗಳು ಹೆಚ್ಚುತ್ತವೆ, ವೇಗ ಏರುತ್ತದೆ, ಡಾಂಬರಿನ ಅಂಚು ನಿಮ್ಮ ಜಗಲಿಯ ಹತ್ತಿರಕ್ಕೆ ಬರುತ್ತದೆ. ಈ ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದರೆ ಉತ್ತರ ಸಿಗುತ್ತದೆ. ಹತ್ತನೇ ತರಗತಿಯ ಗಣಿತ, ಮೊಬೈಲಿನ ಕ್ಯಾಲ್ಕುಲೇಟರ್, ಬಾಡಿಗೆಗೆ ತಂದ ಒಂದು ಮೀಟರ್ ಇದ್ದರೆ ಸಾಕು.

ಇದನ್ನು ಬರೆಯುತ್ತಿರುವುದು ಪಂಚಾಯಿತಿ ಸದಸ್ಯರು, ಶಾಲೆಯ ಎಸ್‌ಡಿಎಂಸಿಯವರು, ಪ್ರಾಜೆಕ್ಟ್ ಮಾಡುವ ಸಿವಿಲ್ ವಿದ್ಯಾರ್ಥಿಗಳಿಗಾಗಿ. ಉದಾಹರಣೆಗಳು ಜಾಸ್ತಿ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರ ಕಡೆಯವು. ಹಳಬರ ಬಾಯಲ್ಲಿ ಅದು ಇನ್ನೂ ಹದಿನೇಳೇ. ಆದರೆ ಕ್ರಮ ಎಲ್ಲ ಕಡೆಗೂ ಒಂದೇ.

ಮೊದಲು ಡೆಸಿಬೆಲ್ ಲೆಕ್ಕ

ಡೆಸಿಬೆಲ್ ಅಕ್ಕಿ, ಬೇಳೆಯ ಹಾಗೆ ಕೂಡುವುದಿಲ್ಲ. 60 ಡೆಸಿಬೆಲ್ ಸದ್ದಿನ ಪಕ್ಕ ಇನ್ನೊಂದು 60 ಇಟ್ಟರೆ 120 ಆಗುವುದಿಲ್ಲ, 63 ಆಗುತ್ತದೆ. 60ರ ಪಕ್ಕ 50 ಇಟ್ಟರೆ 60.4. ಅಂದರೆ ದೊಡ್ಡ ಸದ್ದು ಸಣ್ಣದನ್ನು ನುಂಗಿಬಿಡುತ್ತದೆ. ಬೇರೇನೂ ಬದಲಾಗದೆ ಗಾಡಿಗಳ ಸಂಖ್ಯೆ ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ, ಹತ್ತು ಪಟ್ಟಾದರೆ 10.

ಕಿವಿಯ ಲೆಕ್ಕ ಇನ್ನೊಂದು ಥರ. 3 ಡೆಸಿಬೆಲ್ ಏರಿದರೆ "ಏನೋ ಜಾಸ್ತಿ ಆಯ್ತು" ಅನ್ನಿಸುತ್ತದೆ. 10 ಏರಿದರೆ ಸದ್ದು ಎರಡು ಪಟ್ಟಾದ ಹಾಗೆ ಕೇಳುತ್ತದೆ.

ಇಲ್ಲೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಯಾಕೆಂದರೆ ವರದಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಒಂದು ಗಂಟೆ 50, ಮುಂದಿನ ಗಂಟೆ 70 ಬಂತು ಅಂದುಕೊಳ್ಳಿ. ಎಕ್ಸೆಲ್‌ನಲ್ಲಿ ಸರಾಸರಿ ಒತ್ತಿದರೆ 60 ಬರುತ್ತದೆ. ಸರಿಯಾದ ಉತ್ತರ 67. ಪ್ರತಿ ಅಂಕಿಯನ್ನು ಹತ್ತರಿಂದ ಭಾಗಿಸಿ, ಹತ್ತನ್ನು ಆ ಘಾತಕ್ಕೆ ಏರಿಸಿ, ಅವುಗಳ ಸರಾಸರಿ ತೆಗೆದು, ಮತ್ತೆ ಲಾಗ್ (ಕ್ಯಾಲ್ಕುಲೇಟರಿನ log ಗುಂಡಿ) ಹಾಕಿ 10ರಿಂದ ಗುಣಿಸಬೇಕು. ಹೀಗೆ ಬರುವ ಸರಾಸರಿಗೆ ಎಲ್‌ಇಕ್ಯೂ ಅನ್ನುತ್ತಾರೆ. ನಮ್ಮ ಕಾನೂನಿನ ಮಿತಿಗಳೆಲ್ಲ ಎಲ್‌ಇಕ್ಯೂ ಲೆಕ್ಕದಲ್ಲೇ ಇವೆ. ಯಾವುದೇ ವರದಿ ಕೈಗೆ ಬಂದಾಗ ನಾನು ಮೊದಲು ಈ ಸರಾಸರಿಯನ್ನೇ ಮತ್ತೆ ಹಾಕಿ ನೋಡುವುದು.

ಹೆಜ್ಜೆ 1: ಕಾಗದ ತರಿಸಿಕೊಳ್ಳಿ

ಬೇಕಾದದ್ದು ನಾಲ್ಕು: ರಸ್ತೆಯ ಜಾಡಿನ ನಕ್ಷೆ, ಗಾಡಿ ಎಣಿಕೆಯ ಪಟ್ಟಿ, ಮುಂದಿನ ವರ್ಷಗಳ ಗಾಡಿ ಅಂದಾಜು, ವಿನ್ಯಾಸದ ವೇಗ. ನಾಲ್ಕೂ ವಿವರವಾದ ಯೋಜನಾ ವರದಿಯಲ್ಲಿ, ಅಂದರೆ ಡಿಪಿಆರ್‌ನಲ್ಲಿ ಇರುತ್ತವೆ. ಸುಮ್ನೆ ಕೇಳಿದರೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಪರಿಸರ ಪರಿಣಾಮ ವರದಿ ಇದೆಯೇ ಅಂತಲೂ ಕೇಳಿ. ಎಲ್ಲ ಅಗಲೀಕರಣಕ್ಕೂ ಅದು ಕಡ್ಡಾಯವಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ 30 ಕಿ.ಮೀ. ದಾಟಿದ ರಾಷ್ಟ್ರೀಯ ಹೆದ್ದಾರಿ ಅಗಲೀಕರಣಕ್ಕೆ ಪರಿಸರ ಅನುಮತಿ ಬೇಕು ಅಂತ ಇತ್ತು. 2013ರ ತಿದ್ದುಪಡಿಯಲ್ಲಿ ಅದನ್ನು 100 ಕಿ.ಮೀ.ಗೆ ಏರಿಸಿದರು. ಉದ್ದ ಮಾತ್ರ ಸಾಲದು, ಹಳೆ ಜಾಡಿನಲ್ಲಿ 40 ಮೀಟರ್‌ಗಿಂತ, ಬೈಪಾಸ್ ಮತ್ತು ಹೊಸ ತಿರುವುಗಳಲ್ಲಿ 60 ಮೀಟರ್‌ಗಿಂತ ಜಾಸ್ತಿ ಹೆಚ್ಚುವರಿ ಜಾಗ ಬೇಕಾಗುವಂತಿರಬೇಕು. ಹಾಗಾಗಿ ನಿಮ್ಮ ಪ್ಯಾಕೇಜಿನ, ಅಂದರೆ ಒಂದು ಗುತ್ತಿಗೆಗೆ ಕೊಟ್ಟ ರಸ್ತೆ ತುಂಡಿನ, ಉದ್ದ ಎಷ್ಟು ಅಂತ ಮೊದಲು ನೋಡಿ. 90-95ಕ್ಕೆ ನಿಂತಿದ್ದರೆ ಪಕ್ಕದ ಪ್ಯಾಕೇಜನ್ನೂ ನೋಡಿ, ಒಂದೇ ರಸ್ತೆಯನ್ನು 100ರ ಒಳಗೆ ತುಂಡು ಮಾಡಿರಬಹುದು.

ನಕ್ಷೆಯಲ್ಲಿ ಮುಖ್ಯವಾಗಿ ಹುಡುಕಬೇಕಾದ್ದು ಇಷ್ಟು: ಅಗಲ ಮಾಡುವುದು ಎರಡೂ ಬದಿಗೋ, ಒಂದೇ ಮಗ್ಗುಲಿಗೋ? ಒಂದೇ ಮಗ್ಗುಲಿಗೆ, ಅದೂ ನಿಮ್ಮ ಮಗ್ಗುಲಿಗೆ ಅಂದರೆ, ಆಚೆ ಬದಿಯವರ ಕಡೆ ಅಂಚು ಸರಿಯುವುದಿಲ್ಲ, ನಿಮ್ಮ ಅಂಗಳಕ್ಕೆ ಪೂರ್ತಿ ರಸ್ತೆ ಬರುತ್ತದೆ.

ಹೆಜ್ಜೆ 2: ನಡೆದು ಹೋಗಿ ಮನೆಗಳ ಪಟ್ಟಿ ಮಾಡಿ

ಗೂಗಲ್ ನಕ್ಷೆ ನೋಡಿ ಪಟ್ಟಿ ಮಾಡಬೇಡಿ. ನಡೆಯಿರಿ. ರಸ್ತೆಯ ಎರಡೂ ಬದಿ 100 ಮೀಟರ್, ಬಯಲಿದ್ದರೆ 200 ಮೀಟರ್ ಒಳಗೆ ಇರುವ ಮನೆ, ಶಾಲೆ, ಅಂಗನವಾಡಿ, ಆಸ್ಪತ್ರೆ, ಗುಡಿ, ಮಸೀದಿ, ಚರ್ಚು, ಎಲ್ಲವನ್ನೂ ಬರೆದುಕೊಳ್ಳಿ. ಈಗಿನ ಡಾಂಬರು ಅಂಚಿನಿಂದ ಎಷ್ಟು ದೂರ, ಮುಂದಿನ ಅಂಚಿನಿಂದ ಎಷ್ಟು ದೂರ, ಮಹಡಿ ಎಷ್ಟು, ಮಲಗುವ ಕೋಣೆಯ ಕಿಟಕಿ ಯಾವ ಕಡೆ, ಮಾಡು ಹಂಚಿನದೋ ತಾರಸಿಯೋ.

ಈಗ ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಮಾತು. ರಸ್ತೆಗೆ ತಾಗಿದ ಮೊದಲ ಸಾಲಿನ ಅಂಗಡಿಗಳನ್ನು ಕೆಡವುತ್ತಾರೆ. ಆ ಮಾಲೀಕರಿಗೆ ಪರಿಹಾರ ಸಿಗುತ್ತದೆ, ಅವರ ಹೆಸರು ಪಟ್ಟಿಯಲ್ಲಿರುತ್ತದೆ. ಅದರ ಹಿಂದಿನ ಮನೆಯವರ ಒಂದು ಸೆಂಟ್ಸ್ ಜಾಗವೂ ಹೋಗುವುದಿಲ್ಲ, ಹಾಗಾಗಿ ಅವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ಇಷ್ಟು ವರ್ಷ ಅವರಿಗೆ ಸದ್ದು ತಡೆದದ್ದು ಆ ಅಂಗಡಿಗಳ ಸಾಲೇ. ಒತ್ತಾಗಿರುವ ಕಟ್ಟಡದ ಸಾಲು ಸುಮಾರು 5 ಡೆಸಿಬೆಲ್ ತಡೆಯುತ್ತದೆ, ನಡುವೆ ಸಂದು ಜಾಸ್ತಿ ಇದ್ದರೆ 3. ಅದನ್ನು ತೆಗೆದ ದಿನವೇ, ಒಂದು ಗಾಡಿಯೂ ಹೆಚ್ಚಾಗದೆ, ಅಷ್ಟು ಏರುತ್ತದೆ. ಎರಡನೇ ಸಾಲಿನ ಮನೆಗಳನ್ನು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ. ಲೆಕ್ಕ ಮಾಡುವಾಗ ಇವರ ಹತ್ತಿರ ಮತ್ತೆ ಬರುತ್ತೇನೆ.

ಹೆಜ್ಜೆ 3: ಯಾವ ಮಿತಿ ಅನ್ವಯ?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಕೈಗಾರಿಕೆಗೆ 75 ಮತ್ತು 70. ನಿಶ್ಶಬ್ದ ವಲಯಕ್ಕೆ 50 ಮತ್ತು 40. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ 2017ರ ತಿದ್ದುಪಡಿಯಲ್ಲಿ ರಾಜ್ಯ ಸರ್ಕಾರ ಅಧಿಸೂಚಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ ಅಂತ ಸೇರಿಸಿದರು. ನಿಮ್ಮ ಶಾಲೆ ಅಧಿಸೂಚನೆಯಲ್ಲಿ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಸಭೆಯಲ್ಲಿ ಮಾತು ಅಲ್ಲೇ ನಿಂತುಹೋಗುತ್ತದೆ.

ಇನ್ನೊಂದು ತೊಡಕಿದೆ. ಹೆದ್ದಾರಿ ಪಕ್ಕದ ಮನೆಗಳಲ್ಲಿ ಈಗಲೇ 55 ದಾಟಿರುತ್ತದೆ. "ಮಿತಿ ಈಗಾಗಲೇ ಮೀರಿದೆ, ಯೋಜನೆಯಿಂದ ಹೊಸದಾಗಿ ಏನೂ ಮೀರುವುದಿಲ್ಲ" ಅಂತ ಬರೆದು ಕೈ ತೊಳೆದುಕೊಳ್ಳುವ ವರದಿಗಳು ಬೇಕಾದಷ್ಟಿವೆ. ಇದಕ್ಕೆ ಉತ್ತರ ಏರಿಕೆಯ ಲೆಕ್ಕ. ವಿಶ್ವ ಬ್ಯಾಂಕ್ ಗುಂಪಿನ ಮಾರ್ಗಸೂಚಿಯಲ್ಲಿ 55 ಮತ್ತು 45ರ ಮಿತಿಯ ಜೊತೆಗೆ, ಹತ್ತಿರದ ಮನೆಯಲ್ಲಿ ಈಗಿನದಕ್ಕಿಂತ 3 ಡೆಸಿಬೆಲ್‌ಗಿಂತ ಜಾಸ್ತಿ ಏರಬಾರದು ಅನ್ನುವ ಅಳತೆಯೂ ಇದೆ. ನಮ್ಮಲ್ಲಿ ಕೆಶಿಪ್ (ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ) ರಸ್ತೆಗಳಿಗೆ ವಿಶ್ವ ಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲ ಬಂದಿದೆ. ಅಂಥ ಸಾಲದ ಯೋಜನೆಯಾದರೆ ಈ 3ನ್ನು ಹಿಡಿದು ಕೇಳಿ. ಅಮೆರಿಕದ ಹೆದ್ದಾರಿ ನಿಯಮದಲ್ಲೂ ಎರಡು ಜರಡಿ ಇವೆ. ಮನೆಯ ಹೊರಗೆ ಗಂಟೆಯ ಎಲ್‌ಇಕ್ಯೂ 67ರ ಹತ್ತಿರ ಬಂದರೂ ಪರಿಣಾಮ, ಈಗಿನದಕ್ಕಿಂತ ತುಂಬಾ ಏರಿದರೂ ಪರಿಣಾಮ. ತುಂಬಾ ಅಂದರೆ 5ರಿಂದ 15 ಡೆಸಿಬೆಲ್ ನಡುವೆ ಎಷ್ಟು ಅಂತ ಆಯಾ ರಾಜ್ಯ ಗೊತ್ತು ಮಾಡಿಕೊಳ್ಳುತ್ತದೆ.

ಹೆಜ್ಜೆ 4: ಈಗಿನ ಸದ್ದು ಅಳೆಯಿರಿ

ಮೊಬೈಲ್ ಆ್ಯಪ್ ಒಂದು ಅಂದಾಜಿಗೆ ಆಗುತ್ತದೆ, ದಾಖಲೆಗೆ ಆಗುವುದಿಲ್ಲ. ಕ್ಲಾಸ್ 1 ಅಥವಾ ಕ್ಲಾಸ್ 2ರ (ಇವು ನಿಖರತೆಯ ದರ್ಜೆಗಳು) ಇಂಟಿಗ್ರೇಟಿಂಗ್ ಮೀಟರ್, ಅಂದರೆ ಎಲ್‌ಇಕ್ಯೂ ತಾನೇ ಲೆಕ್ಕ ಹಾಕುವ ಮೀಟರ್ ಬೇಕು, ಜೊತೆಗೆ ಕ್ಯಾಲಿಬ್ರೇಟರ್. ಇಂಜಿನಿಯರಿಂಗ್ ಕಾಲೇಜಿನ ಪರಿಸರ ಲ್ಯಾಬಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಕೇಳಿ ನೋಡಿ.

ಕ್ಯಾಲಿಬ್ರೇಟರ್ ಅಂದರೆ ಮುಷ್ಟಿಯಲ್ಲಿ ಹಿಡಿಯುವಷ್ಟು ಒಂದು ಡಬ್ಬಿ. ಮೈಕನ್ನು ಅದರ ತೂತಿಗೆ ಕೂರಿಸಿ ಗುಂಡಿ ಒತ್ತಿದರೆ ಒಂದೇ ಸಮ "ಪೀ" ಅನ್ನುತ್ತದೆ. ಮೀಟರ್ 94.0 ತೋರಿಸಬೇಕು. ಅಳತೆ ಶುರು ಮಾಡುವ ಮೊದಲೂ, ಮುಗಿದ ಮೇಲೂ ಹೀಗೆ ನೋಡಿ ಎರಡೂ ಅಂಕಿ ಬರೆದಿಡಿ. ಅರ್ಧ ಡೆಸಿಬೆಲ್‌ಗಿಂತ ಜಾಸ್ತಿ ಜಾರಿದ್ದರೆ ಆ ದಿನದ ಅಳತೆಯನ್ನು ನಾನು ಬಿಟ್ಟುಬಿಡುತ್ತೇನೆ. ಬೇಜಾರಾಗುತ್ತದೆ, ಆದರೂ.

ಮೀಟರನ್ನು ಟ್ರೈಪಾಡ್ ಮೇಲೆ ಇಡಿ, ಕೈಯಲ್ಲಿ ಹಿಡಿಯಬೇಡಿ. ಎತ್ತರ 1.2ರಿಂದ 1.5 ಮೀಟರ್. ಗೋಡೆಯಿಂದ 3.5 ಮೀಟರ್ ಆದರೂ ದೂರ ಇರಲಿ. ಗೋಡೆ ಸದ್ದನ್ನು ತಿರುಗಿಸಿ ಹೊಡೆಯುವುದರಿಂದ, ಕಿಟಕಿಗೆ 1 ಮೀಟರ್ ಹತ್ತಿರ ಇಟ್ಟರೆ ಸುಮಾರು 3 ಡೆಸಿಬೆಲ್ ಜಾಸ್ತಿ ತೋರಿಸುತ್ತದೆ. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿ. ಮಳೆ ಬಂದರೆ ನಿಲ್ಲಿಸಿ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೂ ನಿಲ್ಲಿಸಿ, ತೆಂಗಿನ ಗರಿ ಜೋರಾಗಿ ಹೊಯ್ದಾಡುತ್ತಿದ್ದರೆ ಬೇರೆ ಯಂತ್ರ ಬೇಡ. ರಸ್ತೆ ಒದ್ದೆಯಿದ್ದರೂ ಬೇಡ, ಒದ್ದೆ ಡಾಂಬರಿನಲ್ಲಿ ಟೈರು "ಶ್ಶ್" ಅನ್ನುವುದೇ ಒಂದು ಹೆಚ್ಚಿನ ಸದ್ದು.

ಮುಖ್ಯವಾದ ಎರಡು ಮೂರು ಕಡೆ 24 ಗಂಟೆ ಅಳೆಯಿರಿ. ಉಳಿದ ಕಡೆ 15-15 ನಿಮಿಷ, ಹಗಲು, ಸಂಜೆ, ನಡುರಾತ್ರಿ. ಅಳೆಯುವ ಹೊತ್ತಿಗೇ ಗಾಡಿಗಳನ್ನೂ ಎಣಿಸಿ, ಇಲ್ಲದಿದ್ದರೆ ಹೆಜ್ಜೆ 6ರಲ್ಲಿ ಲೆಕ್ಕ ಸರಿಯೇ ಅಂತ ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಯಾವಾಗ ಅಳೆಯುವುದು ಅನ್ನುವುದು ಹೇಗೆ ಅಳೆಯುವುದಕ್ಕಿಂತ ಕಷ್ಟದ ಪ್ರಶ್ನೆ. ಬೇಸಿಗೆ ರಜೆಯಲ್ಲಿ ಶಾಲೆಯ ಹತ್ತಿರ ಅಳೆದರೆ ಏನು ಪ್ರಯೋಜನ? ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ, ಆಗ ರಾತ್ರಿಯ ಮೀನಿನ ಲಾರಿಗಳು ಕಡಿಮೆ. ಮಂಡ್ಯ ಕಡೆಯಾದರೆ ಕಬ್ಬು ಅರೆಯುವ ತಿಂಗಳಿಗೂ ಉಳಿದ ತಿಂಗಳಿಗೂ ಹೋಲಿಕೆಯೇ ಇಲ್ಲ. ಜಾತ್ರೆ, ಮದುವೆ, ಯಕ್ಷಗಾನ ಆಟದ ಮೈಕು ಇದ್ದರೆ ಆ ಗಂಟೆಗಳನ್ನು ಗುರುತು ಹಾಕಿ ತೆಗೆದುಬಿಡಿ.

ಇನ್ನು ಜೀರುಂಡೆ. ನಗಬೇಡಿ. ಒಂದು ರಾತ್ರಿ 11ರ ಮೇಲೆ, ಮಳೆಗಾಲ ಮುಗಿದ ಹೊಸತು, ತೋಟದ ಅಂಚಿನ ಒಂದು ಮನೆಯಂಗಳದಲ್ಲಿ ಮೀಟರ್ ಇಟ್ಟು ಕೂತಿದ್ದೆ. ರಸ್ತೆಯಲ್ಲಿ ಒಂದು ಗಾಡಿ ಇಲ್ಲ. ಮೀಟರ್ 58ರ ಆಸುಪಾಸಿನಲ್ಲೇ ನಿಂತಿತ್ತು. ಬ್ಯಾಟರಿ ಹೋಯಿತೋ ಅಂತ ಬದಲಾಯಿಸಿದೆ, ಕ್ಯಾಲಿಬ್ರೇಟರ್ ಹಾಕಿದೆ, 94 ಸರಿಯಾಗೇ ಇದೆ. ಮನೆಯ ಅಜ್ಜಿ ಜಗಲಿಯಿಂದಲೇ "ಅದು ಹುಳದ್ದು ಮಾರಾಯ" ಅಂದರು. ಅಷ್ಟು ಹೊತ್ತೂ ಅದು ಕಿವಿಗೆ ಬೀಳುತ್ತಲೇ ಇತ್ತು, ಮನಸ್ಸಿಗೆ ಬಂದಿರಲಿಲ್ಲ. ಮೀಟರ್ ಅಳೆಯುವ ಎ-ತೂಕದ ಅಳತೆ, ಅಂದರೆ ಮನುಷ್ಯರ ಕಿವಿಗೆ ಹೊಂದಿಸಿದ ಅಳತೆ, 2ರಿಂದ 4 ಸಾವಿರ ಹರ್ಟ್ಸ್ ಹತ್ತಿರ ತುಂಬಾ ಸೂಕ್ಷ್ಮ. ಹುಳಗಳು ಕೂಗುವುದು ಅದರ ಪಕ್ಕದಲ್ಲೇ, 4-5 ಸಾವಿರದಲ್ಲಿ. ಟೈರಿನ ಸದ್ದು ಜೋರಾಗಿರುವುದು 1 ಸಾವಿರದ ಆಸುಪಾಸು.

ಇದರಿಂದ ನಷ್ಟ ಯಾರಿಗೆ? ಮನೆಯವರಿಗೆ. ಈಗಲೇ ರಾತ್ರಿ 58 ಇದೆ ಅಂತ ದಾಖಲಾದರೆ, ಮುಂದೆ ಲಾರಿಗಳಿಂದ 62 ಆದಾಗ "ಬರೀ 4 ಏರಿದೆ" ಅನ್ನುತ್ತಾರೆ. ಮೀಟರಿನಲ್ಲಿ ಆಕ್ಟೇವ್ ಬ್ಯಾಂಡ್ (ಸದ್ದನ್ನು ಹರ್ಟ್ಸ್ ಪ್ರಕಾರ ಭಾಗ ಮಾಡಿ ತೋರಿಸುವ ವ್ಯವಸ್ಥೆ) ಇದ್ದರೆ 4 ಸಾವಿರದಿಂದ ಮೇಲಿನದನ್ನು ತೆಗೆದು ಮತ್ತೆ ಕೂಡಿಸಿ. ಇಲ್ಲದಿದ್ದರೆ ಜನವರಿ, ಫೆಬ್ರವರಿಯಲ್ಲಿ ಅಳೆಯಿರಿ.

ಹೆಜ್ಜೆ 5: ಗಾಡಿ ಎಣಿಕೆ

ಇದು ಸುಲಭ. ಬೈಕು, ಆಟೊ, ಕಾರು, ಸಣ್ಣ ಗೂಡ್ಸ್, ಬಸ್ಸು, ಎರಡು ಆಕ್ಸಲ್ ಲಾರಿ, ಬಹು ಆಕ್ಸಲ್ ಲಾರಿ ಮತ್ತು ಟ್ಯಾಂಕರ್, ಟ್ರ್ಯಾಕ್ಟರ್. ಒಂದು ಬದಿಗೆ ಇಬ್ಬರು ಹುಡುಗರು ಕೂತರೆ ಸಾಕು. ಹಾರ್ನನ್ನೂ ಎಣಿಸಿ. ವೇಗಕ್ಕೆ ರಾಡಾರ್ ಗನ್ ಬೇಡ, ಎರಡು ಕಂಬಗಳ ನಡುವೆ 50 ಮೀಟರ್ ಅಳೆದು ಸ್ಟಾಪ್‌ವಾಚ್ ಹಿಡಿಯಿರಿ. ಗಾಡಿಯೊಂದು 50 ಮೀಟರನ್ನು 3 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 60 ಕಿ.ಮೀ.

ಹೆಜ್ಜೆ 6: ಮುಂದಿನ ಸದ್ದಿನ ಲೆಕ್ಕ

ದೊಡ್ಡ ಕಂಪನಿಗಳು ಇದಕ್ಕೆ ಸಾಫ್ಟ್‌ವೇರ್ ಬಳಸುತ್ತವೆ. ಕೈಯಲ್ಲೇ ಮಾಡುವುದಾದರೆ ಬ್ರಿಟನ್ನಿನವರು 1988ರಲ್ಲಿ ಪರಿಷ್ಕರಿಸಿದ ವಿಧಾನ ಸುಲಭ. ಅದರಲ್ಲಿ ಬರುವುದು ಎಲ್-10, ಅಂದರೆ ಗಂಟೆಯ ಶೇ. 10 ಹೊತ್ತು ದಾಟುವ ಮಟ್ಟ. ಅದರಿಂದ 3 ಕಳೆದರೆ ಎಲ್‌ಇಕ್ಯೂ ಹತ್ತಿರ ಬರುತ್ತದೆ. ಕ್ರಮ ಹೀಗೆ:

1. ಮೂಲ ಸದ್ದು = 42.2 + 10 × ಲಾಗ್(ಗಂಟೆಗೆ ಗಾಡಿಗಳು)
2. ವೇಗ ಮತ್ತು ಲಾರಿಯ ತಿದ್ದುಪಡಿ = 33 × ಲಾಗ್(ವೇಗ + 40 + 500 ÷ ವೇಗ) + 10 × ಲಾಗ್(1 + 5 × ಶೇಕಡಾ ಭಾರಿ ಗಾಡಿ ÷ ವೇಗ) − 68.8
3. ದೂರದ ತಿದ್ದುಪಡಿ = −10 × ಲಾಗ್((ಡಾಂಬರು ಅಂಚಿನಿಂದ ದೂರ + 3.5) ÷ 13.5)

ಮೂರನ್ನೂ ಕೂಡಿಸಿ. ರಸ್ತೆ ಏರಿನಲ್ಲಿದ್ದರೆ ಪ್ರತಿ ಶೇ. 1 ಏರಿಗೆ 0.3 ಸೇರಿಸಿ. ಗಂಟೆಗೆ 200ಕ್ಕಿಂತ ಕಡಿಮೆ ಗಾಡಿ ಇದ್ದರೆ, ನಡುವೆ ಅಗಲವಾದ ಡಿವೈಡರ್ ಇದ್ದರೆ, ಬೇರೆ ತಿದ್ದುಪಡಿಗಳಿವೆ. ಮೊದಲ ಅಂದಾಜಿಗೆ ಅವು ಬೇಡ.

ಒಂದು ಕಲ್ಪನೆಯ ಮನೆ ತೆಗೆದುಕೊಳ್ಳೋಣ. ಈಗ ಗಂಟೆಗೆ 600 ಗಾಡಿ, ಶೇ. 20 ಭಾರಿ, ವೇಗ 50, ಅಂಚಿನಿಂದ ಮನೆ 20 ಮೀಟರ್. ಮೂಲ ಸದ್ದು 70.0, ವೇಗ-ಲಾರಿಗೆ 2.0, ದೂರಕ್ಕೆ −2.4. ಒಟ್ಟು ಎಲ್-10 ಸುಮಾರು 69.5, ಎಲ್‌ಇಕ್ಯೂ 66.5.

20 ವರ್ಷದ ನಂತರ, ವರ್ಷಕ್ಕೆ ಶೇ. 5ರ ಹಾಗೆ ಗಾಡಿ ಏರಿದರೆ 2.65 ಪಟ್ಟು, ಅಂದರೆ 1,590. ವೇಗ 80. ಅಂಚು 10 ಮೀಟರ್‌ಗೆ ಬಂದಿದೆ. ಮೂಲ ಸದ್ದು 74.2, ವೇಗ-ಲಾರಿಗೆ 4.1, ದೂರಕ್ಕೆ ಸೊನ್ನೆ. ಎಲ್-10 ಒಟ್ಟು 78.3, ಎಲ್‌ಇಕ್ಯೂ 75.3. ಏರಿಕೆ 8.7. ಅದರಲ್ಲಿ ಗಾಡಿಗಳ ಪಾಲು 4.2, ವೇಗದ್ದು 2.1, ಅಂಚು ಹತ್ತಿರ ಬಂದದ್ದಕ್ಕೆ 2.4. ಹೀಗೆ ಬಿಡಿಸಿ ಬರೆದರೆ ಯಾವುದನ್ನು ತಡೆಯಬಹುದು ಅನ್ನುವುದು ಕಣ್ಣಿಗೆ ಕಾಣುತ್ತದೆ.

ಈಗ ಎರಡನೇ ಸಾಲಿನ ಮನೆ. ಅಂಚಿನಿಂದ 40 ಮೀಟರ್ ಇದ್ದದ್ದು 30 ಆಗುತ್ತದೆ, ಮುಂದಿನ ಅಂಗಡಿ ಸಾಲು ಹೋಗುತ್ತದೆ. ಗಾಡಿ 4.2, ವೇಗ 2.1, ದೂರ 1.1, ಹೋದ ಅಂಗಡಿಗಳಿಂದ 5. ಒಟ್ಟು 12.4. ಎಲ್‌ಇಕ್ಯೂ 59ರಿಂದ 71ಕ್ಕೆ ಹಾರುತ್ತದೆ. ರಸ್ತೆಗೆ ತಾಗಿದ ಮನೆಗಿಂತ ಒಳಗಿನ ಮನೆಗೆ ಏರಿಕೆ ಜಾಸ್ತಿ! ಇಂಥ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ವರದಿ ನನ್ನ ಕೈಗೆ ಬಂದದ್ದು ಅಪರೂಪ.

ರಾತ್ರಿಯದ್ದು ಮತ್ತೆ ಬೇರೆ ಮಾಡಿ. ಈಗಿನ ರಸ್ತೆಯಲ್ಲೇ ನಡುರಾತ್ರಿ ಗಂಟೆಗೆ 200 ಗಾಡಿ, ಶೇ. 50 ಲಾರಿ, ವೇಗ 60 ಅಂತ ಇಟ್ಟುಕೊಂಡು ಮೇಲಿನ ಸೂತ್ರದ 1 ಮತ್ತು 2ನ್ನು ಮಾತ್ರ ಕೂಡಿಸಿ. 70.7 ಬರುತ್ತದೆ. ಹಗಲಿನ 600 ಗಾಡಿಗೆ ಬಂದದ್ದು 72.0. ಗಾಡಿಗಳು ಮೂರರಲ್ಲಿ ಒಂದು ಪಾಲಾದರೂ ಸದ್ದು ಇಳಿದದ್ದು ಬರೀ 1.3. ಕಾನೂನಿನ ಮಿತಿ ಮಾತ್ರ ರಾತ್ರಿಗೆ 10 ಡೆಸಿಬೆಲ್ ಕೆಳಗಿದೆ. ಹೆದ್ದಾರಿ ಸದ್ದಿನ ಜಗಳ ರಾತ್ರಿಯದ್ದು ಅಂತ ನಾನು ಹೇಳುವುದು ಇದಕ್ಕೇ.

ಲೆಕ್ಕ ನಂಬುವ ಮೊದಲು ಒಂದು ಪರೀಕ್ಷೆ. ಇವತ್ತಿನ ಗಾಡಿ ಹಾಕಿ ಬಂದ ಉತ್ತರವನ್ನು ಇವತ್ತು ಅಳೆದ ಅಂಕಿಯ ಪಕ್ಕ ಇಡಿ. 3 ಡೆಸಿಬೆಲ್ ಒಳಗಿದ್ದರೆ ಮುಂದೆ ಹೋಗಿ. ಅಳೆದದ್ದು ಜಾಸ್ತಿ ಬಂದರೆ ಸಾಮಾನ್ಯವಾಗಿ ಕಾರಣ ಹಾರ್ನು. ಬ್ರಿಟನ್ನಿನ ಸೂತ್ರಕ್ಕೆ ನಮ್ಮ ಹಾರ್ನ್ ಗೊತ್ತಿಲ್ಲ. ಆ ವ್ಯತ್ಯಾಸವನ್ನು ಮುಚ್ಚಿಡದೆ, ಬೇರೆ ಸಾಲಿನಲ್ಲಿ ಬರೆಯಿರಿ.

ಹೆಜ್ಜೆ 7: ಏರಿಕೆ ಎಷ್ಟಾದರೆ ಜಾಸ್ತಿ?

ಹೋಲಿಸಬೇಕಾದ್ದು ನಾಲ್ಕು ಚಿತ್ರಗಳನ್ನು: ಇವತ್ತು, ರಸ್ತೆ ತೆರೆದ ವರ್ಷ, 20 ವರ್ಷದ ನಂತರ ಅಗಲೀಕರಣ ಇದ್ದರೆ, 20 ವರ್ಷದ ನಂತರ ಅಗಲೀಕರಣ ಇಲ್ಲದಿದ್ದರೆ. ಕೊನೆಯದು ಯಾಕೆ ಅಂದರೆ, ಯೋಜನೆಯವರು "ಗಾಡಿಗಳು ಹೇಗಿದ್ದರೂ ಹೆಚ್ಚುತ್ತಿದ್ದವು, ಆ 4.2 ನಮ್ಮದಲ್ಲ" ಅನ್ನುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಹಳೆ ಎರಡು ಲೇನಿನ ರಸ್ತೆ ಗಂಟೆಗೆ 1,590 ಗಾಡಿಯನ್ನು ಅದೇ ವೇಗದಲ್ಲಿ ತಡೆದುಕೊಳ್ಳುತ್ತಿತ್ತೇ ಅಂತ ಮರುಪ್ರಶ್ನೆ ಹಾಕಿ.

ಬ್ರಿಟನ್ನಿನ ಹೆದ್ದಾರಿ ಕೈಪಿಡಿ ರಸ್ತೆ ತೆರೆದ ಕೂಡಲೇ 3 ಡೆಸಿಬೆಲ್ ಏರಿದರೆ ಮಧ್ಯಮ, 5 ದಾಟಿದರೆ ದೊಡ್ಡ ಪರಿಣಾಮ ಅನ್ನುತ್ತದೆ. ದೀರ್ಘಕಾಲದ ಏರಿಕೆಗೆ 5 ಮತ್ತು 10. ನಮ್ಮಲ್ಲಿ ಇಂಥ ಏಣಿ ನಿಯಮದಲ್ಲಿ ಇಲ್ಲದ ಕಾರಣ ನಾನು ಇದನ್ನೇ ಬಳಸುತ್ತೇನೆ, ಎಲ್ಲಿಯದು ಅಂತ ಹೇಳಿಯೇ ಬಳಸುತ್ತೇನೆ.

ಶಾಲೆಗೆ ಮಾತ್ರ ಒಳಗಿನ ಸದ್ದು ನೋಡಿ. ತರಗತಿಯ ಒಳಗೆ 35 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ತೆರೆದ ಕಿಟಕಿ ತಡೆಯುವುದು 10ರಿಂದ 15 ಮಾತ್ರ. ಹೊರಗೆ 65 ಇದ್ದರೆ ಒಳಗೆ 50-55, ಟೀಚರ್ ಕೂಗಿಯೇ ಪಾಠ ಮಾಡಬೇಕು. ಹಂಚಿನ ಮಾಡಾದರೆ ಸಂದುಗಳಿಂದ ಇನ್ನಷ್ಟು ಬರುತ್ತದೆ. ಕಿಟಕಿ ಮುಚ್ಚಿ ಅನ್ನುವವರನ್ನು ಏಪ್ರಿಲ್ ತಿಂಗಳಲ್ಲಿ ಕುಂದಾಪುರಕ್ಕೆ ಕರೆಯಿರಿ.

ಹೆಜ್ಜೆ 8: ಏನು ಕೇಳುವುದು?

ಮರಗಳ ವಿಷಯ ಮೊದಲೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದು ಸಾಲು ಮರ ಸದ್ದನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ. 10 ಡೆಸಿಬೆಲ್ ಇಳಿಸಲು ಆಚೆ ಬದಿ ಕಾಣದಷ್ಟು ದಟ್ಟವಾದ, ಸುಮಾರು 60 ಮೀಟರ್ ದಪ್ಪದ ಕಾಡು ಬೇಕು. ಮರ ಉಳಿಸಲು ನೂರು ಒಳ್ಳೆಯ ಕಾರಣಗಳಿವೆ, ಅವನ್ನು ಹೇಳಿ. ಹಾಗೆಯೇ ಸದ್ದಿಗೆ ಪರಿಹಾರ "ಹಸಿರು ಪಟ್ಟಿ" ಅಂತ ವರದಿಯಲ್ಲಿ ಬರೆದಿದ್ದರೆ ಅದು ಎಷ್ಟು ಮೀಟರ್ ದಪ್ಪ ಅಂತ ಕೇಳಿ.

ಗೋಡೆ ಕೆಲಸ ಮಾಡುತ್ತದೆ. ಟೈರು ಮತ್ತು ಕಿಟಕಿಯ ನಡುವಿನ ನೇರ ನೋಟ ತಪ್ಪಿದರೆ 5 ಡೆಸಿಬೆಲ್ ಇಳಿಯುತ್ತದೆ. ಅದರ ಮೇಲೆ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 1.5. ಆದರೆ ಗೋಡೆ ಮನೆಯ ಎದುರು ಮಾತ್ರ ಇದ್ದರೆ ಸದ್ದು ತುದಿಗಳಿಂದ ಸುತ್ತಿ ಬರುತ್ತದೆ. ಮನೆಯಿಂದ ಗೋಡೆಗೆ ಎಷ್ಟು ದೂರವೋ, ಎರಡೂ ಕಡೆಗೆ ಅದರ ನಾಲ್ಕು ಪಟ್ಟು ಉದ್ದ ಬೇಕು. 10 ಮೀಟರ್ ದೂರವಿದ್ದರೆ ಅತ್ತ 40, ಇತ್ತ 40. ನಡುವೆ ಗೇಟಿಗೆ ಅಂತ ತೂತು ಬಿಟ್ಟರೆ ಲಾಭ ಹೋಯಿತು. ಮನೆ ಮನೆಗೂ ಗೇಟಿರುವ ನಮ್ಮ ಊರುಗಳಲ್ಲಿ ಗೋಡೆ ಗೆಲ್ಲುವುದು ಶಾಲೆ, ಆಸ್ಪತ್ರೆಗಳ ಮುಂದೆ, ಇಲ್ಲವೇ ಸರ್ವಿಸ್ ರಸ್ತೆಯ ಆಚೆಗೆ ಮುಖ್ಯ ರಸ್ತೆಯ ಅಂಚಿನಲ್ಲಿ.

ವೇಗ ಇಳಿಸಿದರೆ ಸಾಕು ಅನ್ನುವವರಿದ್ದಾರೆ. ಮೇಲಿನ ಸೂತ್ರದಲ್ಲೇ 80ರ ಬದಲು 60 ಹಾಕಿ ನೋಡಿ, ಇಳಿಯುವುದು ಒಂದೂವರೆ ಡೆಸಿಬೆಲ್. ಲಾರಿ ಜಾಸ್ತಿ ಇರುವ ರಾತ್ರಿಯಲ್ಲಿ ಇನ್ನೂ ಕಡಿಮೆ. ಆ ವೇಗ ಇಳಿಸಲು ಶಾಲೆಯ ಮುಂದೆ ಹಾಕುವ ರಂಬಲ್ ಪಟ್ಟಿಗಳೋ, ಖಾಲಿ ಲಾರಿ ಅವುಗಳ ಮೇಲೆ ಹಾದರೆ ಧಡಧಡ ಅಂತ ತರಗತಿಯೇ ನಡುಗುತ್ತದೆ. ಗೀರು ಹಾಕಿದ ಕಾಂಕ್ರೀಟ್ ರಸ್ತೆಯೂ ಡಾಂಬರಿಗಿಂತ ಜೋರು, ಊರೊಳಗಿನ ಭಾಗಕ್ಕಾದರೂ ಡಾಂಬರು ಹಾಕಿ ಅಂತ ಕೇಳಬಹುದು. ಸೇತುವೆಯ ಜೋಡಣೆ, ಟೋಲ್ ಗೇಟು, ಬಸ್ ನಿಲ್ದಾಣ ಯಾರ ಮನೆಯ ಎದುರು ಬೀಳುತ್ತದೆ ಅನ್ನುವುದನ್ನು ನಕ್ಷೆಯಲ್ಲೇ ನೋಡಿ ಸರಿಸಲು ಹೇಳಿ. ನಕ್ಷೆಯಲ್ಲಿ ಸರಿಸಲು ಖರ್ಚಿಲ್ಲ.

ಕಾಮಗಾರಿಯ ವರ್ಷಗಳ ಸದ್ದಿಗೆ ಬೇರೆ ಷರತ್ತು ಕೇಳಿ: ರಾತ್ರಿ 10ರ ಮೇಲೆ ಪೈಲಿಂಗ್ ಬೇಡ, ಮಿಕ್ಸಿಂಗ್ ಪ್ಲಾಂಟ್ ಶಾಲೆಯಿಂದ ದೂರ, ಜನರೇಟರಿಗೆ ಸದ್ದು ತಡೆಯುವ ಪೆಟ್ಟಿಗೆ.

ಹೆಜ್ಜೆ 9: ಸಭೆ, ಮತ್ತು ಅದರ ನಂತರ

ಪರಿಸರ ಅನುಮತಿ ಬೇಕಾದ ಯೋಜನೆಯಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷರು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಲ್ಲಿ ಓದಲು ಸಿಗಬೇಕು, ಸಾರಾಂಶ ಕನ್ನಡದಲ್ಲೂ ಇರಬೇಕು.

ಆ ದಿನ ಭಾಷಣ ಬೇಡ. ಒಂದು ಹಾಳೆ ಸಾಕು: ಮನೆಯ ಗುರುತು, ಈಗಿನ ರಾತ್ರಿಯ ಅಂಕಿ, ಮುಂದಿನ ಅಂಕಿ, ಏರಿಕೆ, ಕೇಳುವ ಪರಿಹಾರ. ಬರಹದಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಭೆಯನ್ನು ವಿಡಿಯೊ ಮಾಡುತ್ತಾರೆ, ಅಂಕಿಗಳನ್ನು ಜೋರಾಗಿ ಓದಿ ಹೇಳಿ.

ರಸ್ತೆ ತೆರೆದ ಮೇಲೆ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ಅಳೆಯಬೇಕು. ಅದಕ್ಕೆ ಮೊದಲ ಸಲ ಟ್ರೈಪಾಡ್ ಇಟ್ಟ ಜಾಗದ ಗುರುತು ಉಳಿದಿರಬೇಕು. ಕಾಂಪೌಂಡ್ ಗೋಡೆಯಿಂದ ಇಷ್ಟು ಅಡಿ ಅಂತ ಬರೆದುಕೊಂಡಿದ್ದೆ ಒಂದು ಸಲ, ತಿರುಗಿ ಹೋದಾಗ ಗೋಡೆಯೇ ಇರಲಿಲ್ಲ. ಈಗ ಬಾವಿಕಟ್ಟೆಯಿಂದ, ತುಳಸಿಕಟ್ಟೆಯಿಂದ ಅಳೆದು ಬರೆದುಕೊಳ್ಳುತ್ತೇನೆ, ಎರಡು ಕಡೆಯಿಂದ ಫೋಟೊ ತೆಗೆದು ಒಂದು ಪ್ರತಿ ಮನೆಯವರ ಹತ್ತಿರವೇ ಬಿಟ್ಟು ಬರುತ್ತೇನೆ.